ನಿಮ್ಮದು ಕ್ರಾಫ್ಟು, ನಮ್ಮದು ಕೇಸು

ಮರದ ಹಲಗೆಯ ಮೇಲೆ ಆರು ಪುಟ್ಟ ಗ್ಲಾಸು. ಒಂದೊಂದರಲ್ಲಿ ನಾಲ್ಕೈದು ಗುಟುಕು. ಎದುರಿಗೆ ನಮ್ಮ ಓಣಿಯ ಕಾಕಾ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಗಾಜಿನ ಗೋಡೆಯ ಆಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು. ಇಂದಿರಾನಗರದ ಈ ಬ್ರೂಪಬ್ಬಿನವರು ತಮ್ಮದು ಬೆಲ್ಜಿಯಂ ಶೈಲಿ ಅಂತ ಬೋರ್ಡಿನಲ್ಲೇ ಬರೆಸಿಕೊಂಡಿದ್ದಾರೆ. ಮೆನುವಿನ ಒಂದಿಡೀ ಪುಟ 'ಪ್ರಯೋಗದ ಬ್ಯಾಚು'ಗಳಿಗೆ ಮೀಸಲು.

ಕಾಕಾ ಎರಡು ವರ್ಷದಿಂದ ಬೆಂಗಳೂರಲ್ಲಿದ್ದಾರೆ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳಿಗೆ ಗಿಲಾವು ಮಾಡುವ ಕೆಲಸ. ಒಂದು ಭಾನುವಾರ ಒಳ್ಳೆ ಕಡೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ಊರಿನವರ ಮುಂದೆ ನನ್ನ ಬೆಂಗಳೂರನ್ನು ತೋರಿಸಿಕೊಳ್ಳೋ ಚಟವೂ ಅದರಲ್ಲಿತ್ತು.

ವೇಟರ್ ಹುಡುಗ ಪಾಠ ಒಪ್ಪಿಸಿದ ಹಾಗೆ ಒಂದೊಂದರ ಹೆಸರು ಹೇಳಿದ. ಬ್ಲಾಂಡ್. ವಿಟ್. ಸೇಸಾನ್. ಡುಬೆಲ್. ಬೆಲ್ಲ ಹಾಕಿದ ಟ್ರಿಪೆಲ್. ಕೊನೆಯದು ಸೌರ್. ನಾನು ಕನ್ನಡಕ್ಕೆ ಇಳಿಸುವ ಮೊದಲೇ ಕಾಕಾ ಮೊದಲ ಗ್ಲಾಸು ಮುಗಿಸಿ, "ಇದು ಬಾಟ್ಲಿ ಬೀರೇ ಅದ" ಅಂದು ಪಕ್ಕಕ್ಕಿಟ್ಟರು.

ಎರಡನೆಯದನ್ನು ಮೂಸಿ ನೋಡಿದರು. "ಇದ್ರಾಗ ಕೊತ್ತಂಬ್ರಿ ಕಾಳ ಹಾಕ್ಯಾರೇನು?"

ಹಾಕಿದ್ದಾರೆ. ಬೆಲ್ಜಿಯಂನ ವಿಟ್ ಬಿಯರಿಗೆ ಕೊತ್ತಂಬರಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕೋದು ಹಳೇ ಪದ್ಧತಿ. ನಾನು ಈ ಸಂಗತಿ ತಿಳಿದುಕೊಂಡಿದ್ದು ನಾಲ್ಕು ವರ್ಷ ಅದನ್ನೇ ಕುಡಿದ ಮೇಲೆ, ಅದೂ ಮೆನು ಓದಿ. ಬೆಲ್ಲದ ಟ್ರಿಪೆಲ್ ಬಾಯಿಗಿಟ್ಟು ಕಾಕಾ ನಕ್ಕರು: "ಕಳ್ಳಭಟ್ಟಿ ಕಾಸ್ತಿದ್ರಲ್ಲ ತಮ್ಮಾ, ಅದೇ ವಾಸನಿ." ಪಕ್ಕದ ಟೇಬಲ್ಲಿನ ಹುಡುಗಿಯರು ತಿರುಗಿ ನೋಡಿದರು.

ಆರನೆಯದು ಬಂತು. ಕಾಕಾ ಗ್ಲಾಸನ್ನು ಬೆಳಕಿಗೆ ಹಿಡಿದರು, ಮೂಸಿದರು, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ನುಂಗಿದರು. ಎರಡನೇ ಗುಟುಕು ಕುಡಿಯಲಿಲ್ಲ.

"ಇದು ನಿನ್ನೀದು ಅದ."

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಶಿಂದಿ ಇಳಿಸೋರ ಲೆಕ್ಕದಲ್ಲಿ ರುಚಿಗೆ ಹೆಸರಿಲ್ಲ, ಹೊತ್ತಿದೆ. ಮುಂಜಾನೀದು ಸಿಹಿ, ಮಕ್ಕಳೂ ಕುಡಿಯೋ ಅಂಥದ್ದು. ಮಧ್ಯಾಹ್ನದ್ದು ನೊರೆ ನೊರೆ, ಸಿಹಿ ಹುಳಿ ಎರಡೂ. ಸಂಜೀದು ಏರಿಸೋ ಅಂಥದ್ದು. ನಿನ್ನೀದು ಅಂದರೆ ಹುಳಿ ತಿರುಗಿದ್ದು, ಗಿರಾಕಿಗೆ ಕೊಡಬಾರದ್ದು. "ನಾವು ನಿನ್ನೀದು ಮಾರಿದ್ರ ಗಡಿಗಿ ಒಡೀತಿದ್ರು ಮಂದಿ. ಚೆಲ್ಲು ಅಂತ ಹೇಳು ಅವನಿಗೆ."

ನಾನು ಹೇಳಿದೆ, ಸ್ವಲ್ಪ ಮೆತ್ತಗೆ ಮಾಡಿ. ಹುಡುಗನ ಮುಖ ಸಣ್ಣದಾಯಿತು. "ಸರ್, ಇದು ನಮ್ಮ ಸ್ಪೆಷಲ್. ವೈಲ್ಡ್ ಯೀಸ್ಟ್. ಎಂಟು ತಿಂಗಳು ಬ್ಯಾರಲ್‌ನಲ್ಲಿ ಇಟ್ಟಿರ್ತೀವಿ."

"ಏನಂತಾನ?"

"ಎಂಟು ತಿಂಗಳದ್ದಂತ ಕಾಕಾ."

ಕಾಕಾ ಬಹಳ ಹೊತ್ತು ಆ ಗ್ಲಾಸನ್ನೇ ನೋಡಿದರು.

ಯಾದಗಿರಿ ಜಿಲ್ಲೆಯ ಸುರಪುರದ ಹೆಸರು ನಿಮಗೆ ಗೊತ್ತಿದ್ದರೆ ರಾಜಾ ವೆಂಕಟಪ್ಪ ನಾಯಕನಿಂದ, 1857-58ರ ದಂಗೆಯಿಂದ, ಇಲ್ಲಾ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿಯಿಂದ ಗೊತ್ತಿರುತ್ತದೆ. ಸುರಪುರದ ಮಗ್ಗುಲಿಗೇ ಅಂಟಿಕೊಂಡ ನಮ್ಮ ರಂಗಂಪೇಟೆಯ ಹೆಸರು ಗೊತ್ತಿರುವ ಸಾಧ್ಯತೆ ಕಡಿಮೆ. ನೀವು ಈಚಲು ಅನ್ನೋ ಮರಕ್ಕೆ ನಮ್ಮ ಕಡೆ ಶಿಂದಿ ಗಿಡ ಅಂತಾರೆ. ಪೇಪರಿನವರು ಸೇಂದಿ ಅಂತ ಬರೀತಾರೆ. ಹಳ್ಳದ ದಂಡೆ, ಹೊಲದ ಬದು, ಎಲ್ಲಿ ತೇವ ನಿಲ್ಲುತ್ತೋ ಅಲ್ಲಿ ತಾನಾಗೇ ಹುಟ್ಟುವ ಗಿಡ. ಯಾರೂ ನೆಟ್ಟಿದ್ದಲ್ಲ. ಗರಿಯಿಂದ ಚಾಪೆ, ಕಸಬರಿಗೆ, ಮೈಯಿಂದ ಶಿಂದಿ.

ತೆಂಗಿನ ಹೆಂಡ ಇಳಿಸಲು ಹೊಂಬಾಳೆ ಕೊಯ್ಯುತ್ತಾರೆ. ಈಚಲದ್ದು ಹಾಗಲ್ಲ. ಗರಿಗಳ ಬುಡದಲ್ಲಿ, ಗಿಡದ ಎಳೆಯ ಮೈಯನ್ನೇ ಕೆತ್ತಿ ಗಾಯ ಮಾಡಬೇಕು. ಗಾಯ ಆಳವಾದರೆ ಗಿಡ ಸಾಯುತ್ತದೆ, ಮೇಲಾದರೆ ರಸ ಬರೋಲ್ಲ. ಸಂಜೆ ಕೆತ್ತಿ ಗಡಿಗೆ ಕಟ್ಟಬೇಕು, ಬೆಳಗ್ಗೆ ಬಿಸಿಲೇರುವ ಮೊದಲು ಇಳಿಸಬೇಕು. ಕೆಲವು ದಿನ ಇಳಿಸಿ ಕೆಲವು ದಿನ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಒಂದು ವರ್ಷ ಒಂದು ಮಗ್ಗುಲು ಕೆತ್ತಿದರೆ ಮರುವರ್ಷ ಎದುರು ಮಗ್ಗುಲು. ಹಾಗಾಗಿ ಹಳೇ ಈಚಲ ಮರದ ಕಾಂಡ ಎಡಕ್ಕೊಂದು ಬಲಕ್ಕೊಂದು ಗಾಯ ಹೊತ್ತು ಅಂಕುಡೊಂಕಾಗಿ ನಿಂತಿರುತ್ತದೆ. ಗಾಯ ಎಣಿಸಿದರೆ ಎಷ್ಟು ವರ್ಷ ಆ ಗಿಡದಿಂದ ಇಳಿಸಿದ್ದಾರೆ ಅಂತ ಹೇಳಬಹುದು. ಕಾಕಾ ಇದನ್ನು ಕಲಿತದ್ದು ಅವರ ಅಪ್ಪನಿಂದ. ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಮರ ಹತ್ತುವಾಗ ವಯಸ್ಸು ಹನ್ನೆರಡೋ ಹದಿಮೂರೋ ಅಂತೆ.

ಗಡಿಗೆಗೆ ಬಿದ್ದ ರಸಕ್ಕೆ ಯಾರೂ ಯೀಸ್ಟ್ ಹಾಕೋಲ್ಲ. ಗಾಳಿಯಲ್ಲಿ, ಗಾಯದ ಮೇಲೆ, ಹಳೇ ಗಡಿಗೆಯ ಮೈಯೊಳಗೆ ಇರುವ ಯೀಸ್ಟು, ಬ್ಯಾಕ್ಟೀರಿಯಾಗಳೇ ಕೆಲಸ ಶುರು ಮಾಡುತ್ತವೆ. ಕೆಲವೇ ಗಂಟೆಗಳಲ್ಲಿ ಸಕ್ಕರೆ ಆಲ್ಕೋಹಾಲ್ ಆಗತೊಡಗುತ್ತದೆ, ಮೊಸರು ಹುಳಿ ಬರಿಸುವ ಜಾತಿಯ ಬ್ಯಾಕ್ಟೀರಿಯಾಗಳು ಹುಳಿ ತರುತ್ತವೆ. ಅಮಲಿನ ಲೆಕ್ಕದಲ್ಲಿ ಸಂಜೆಯ ಶಿಂದಿ ಹೆಚ್ಚುಕಮ್ಮಿ ನಿಮ್ಮ ಬಿಯರಿನಷ್ಟೇ.

ಈಗ ಬೆಲ್ಜಿಯಂಗೆ ಹೋಗೋಣ. ನಿಮ್ಮ ನೆಚ್ಚಿನ ಸೌರ್‌ಗಳ ಮೂಲ ಅಲ್ಲಿಯ ಲ್ಯಾಂಬಿಕ್. ಬ್ರಸೆಲ್ಸ್ ಸುತ್ತಮುತ್ತ, ಸೆನ್ ನದಿಯ ಕಣಿವೆಯ ಮದ್ಯ. ಬಾರ್ಲಿ, ಗೋಧಿ ಕುದಿಸಿದ ನೀರನ್ನು ಚಳಿಗಾಲದ ರಾತ್ರಿ ಅಗಲವಾದ ತೆರೆದ ತೊಟ್ಟಿಯಲ್ಲಿ ಸುರಿದು ಬಿಟ್ಟುಬಿಡುತ್ತಾರೆ. ಕಿಟಕಿಯಿಂದ ಗಾಳಿ ಬರುತ್ತೆ, ಗಾಳಿಯ ಜೊತೆ ಏನು ಬರಬೇಕೋ ಅದೂ ಬರುತ್ತೆ. ಬೆಳಗ್ಗೆ ಮರದ ಪೀಪಾಯಿಗೆ ತುಂಬಿ ಒಂದು, ಎರಡು, ಮೂರು ವರ್ಷ ಇಡುತ್ತಾರೆ. ಯೀಸ್ಟ್ ಹಾಕೋಲ್ಲ. ಅಲ್ಲಿಯ ಕ್ಯಾಂಟಿಲಾನ್ ಎಂಬ ಬ್ರೂವರಿ 1900ರಿಂದ ಇದನ್ನೇ ಮಾಡುತ್ತಾ ಬಂದಿದೆ, ಒಳಗೇ ಒಂದು ಮ್ಯೂಸಿಯಂ ಕೂಡ ಇದೆ. ಲ್ಯಾಂಬಿಕ್ ಮಾಡೋರು ಅಟ್ಟದ ಜೇಡರ ಬಲೆ ತೆಗೆಯೋಕೂ ಹಿಂಜರಿಯುತ್ತಾರೆ. ಆ ಕೋಣೆಯ ಗಾಳಿ ಕೆಟ್ಟರೆ ಬಿಯರು ಕೆಡುತ್ತದೆ ಅನ್ನೋದು ಅವರ ನಂಬಿಕೆ. ಲ್ಯಾಂಬಿಕ್‌ನಲ್ಲಿ ಮುಖ್ಯವಾದ ಒಂದು ಯೀಸ್ಟ್ ಜಾತಿಗೆ ಬ್ರಸೆಲ್ಸ್ ಊರಿನ ಹೆಸರೇ ಇದೆ. ಅದು ಕೊಡುವ ವಾಸನೆಯನ್ನು ಬಿಯರ್ ಪಂಡಿತರು ಮೆಚ್ಚುಗೆಯಿಂದ 'ಕುದುರೆ ಮೇಲೆ ಹೊದಿಸಿದ ಕಂಬಳಿ' ಅಂತ ವರ್ಣಿಸುತ್ತಾರೆ. ಕುದುರೆ ಕಂಬಳಿ! ನಮ್ಮೂರಲ್ಲಿ ಯಾರಾದರೂ ನಿಮ್ಮ ಶಿಂದಿ ದನದ ಕೊಟ್ಟಿಗೆ ನಾರ್ತದ ಅಂದಿದ್ದರೆ ಹೊಡೆದಾಟ ಆಗಿರೋದು.

2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷ. ಅದು ಪಟ್ಟಿಗೆ ಸೇರಬೇಕಾದದ್ದೇ.

ನಮ್ಮಲ್ಲಿ ಅದಕ್ಕೆ ಹನ್ನೆರಡು ವರ್ಷ ಮೊದಲೇ, 2004ರಲ್ಲಿ, ಸರ್ಕಾರ ಸೇಂದಿಯನ್ನು ನಿಷೇಧಿಸಿತ್ತು. ಕರಾವಳಿಯ ದಕ್ಷಿಣ ಕನ್ನಡ, ಉಡುಪಿಗೆ ವಿನಾಯಿತಿ. ಅಲ್ಲಿ ಇವತ್ತೂ ಕಳ್ಳು ಇಳಿಸಬಹುದು, ಮಾರಬಹುದು. ನಮ್ಮ ಜಿಲ್ಲೆ ದಾಟಿ ತೆಲಂಗಾಣದ ನಾರಾಯಣಪೇಟೆ ಕಡೆ ಹೋದರೆ ಅಲ್ಲೂ ಕಾನೂನುಬದ್ಧ. ಕೇರಳದಲ್ಲಿ ಕಳ್ಳಿನಂಗಡಿಗೆ ಪ್ರವಾಸಿಗರು ಹುಡುಕಿಕೊಂಡು ಹೋಗ್ತಾರೆ. ಗೋವಾದ ಫೆನಿಗೆ 2009ರಲ್ಲೇ ಜಿ.ಐ. ಮಾನ್ಯತೆ ಸಿಕ್ಕಿದೆ. ನಡುವೆ ಸಿಕ್ಕಿಹಾಕಿಕೊಂಡವರು ಸುರಪುರ, ಶಹಾಪುರ, ರಾಯಚೂರು, ಕಲಬುರಗಿಯ ಈಡಿಗರು ಮತ್ತು ಅವರ ಗಿಡಗಳು. ಅದೇ ಗಿಡ, ಅದೇ ರಸ. ಗಡಿಯ ಆಚೆ ಕಸುಬು, ಈಚೆ ಅಪರಾಧ.

ಕಾಕಾನ ಮೇಲೂ ಒಂದು ಕೇಸಾಗಿತ್ತು. ನಿಷೇಧ ಬಂದು ಮೂರ್ನಾಲ್ಕು ವರ್ಷದ ಮೇಲೆ, ಮಗಳ ಮದುವೆಗೆ ಬಂದ ಬೀಗರಿಗೆ ಅಂತ ಇಳಿಸಿದ್ದ ಎರಡು ಗಡಿಗೆ. ವಕೀಲರಿಗೆ, ಓಡಾಟಕ್ಕೆ ಖರ್ಚಾದ ದುಡ್ಡಿಗೆ ಎಮ್ಮೆ ಮಾರಿದರು. ಅದನ್ನು ಹೇಳುವಾಗ ಅವರಿಗೆ ಸಿಟ್ಟಿಗಿಂತ ನಾಚಿಕೆ ಜಾಸ್ತಿ.

ಈಗ ನೀವು ಕೇಳಬೇಕಾದ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇದನ್ನು ತಪ್ಪಿಸಿಕೊಂಡು ಬರೆದರೆ ನಾನು ಮೋಸಗಾರ. ನಿಷೇಧ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಸಿ.ಎಚ್. ಪೌಡರ್ ಅನ್ನೋ ಮಾತು ಚಿಕ್ಕ ಮಕ್ಕಳಿಗೂ ಗೊತ್ತು. ಕ್ಲೋರಲ್ ಹೈಡ್ರೇಟ್. ನಿದ್ದೆ ಬರಿಸೋ ರಾಸಾಯನಿಕ. ನೀರಿಗೆ ಇದನ್ನು ಬೆರೆಸಿ, ಒಂದಿಷ್ಟು ಸ್ಯಾಕರಿನ್ ಹಾಕಿ, ನೊರೆ ಬರಿಸಿ, ಶಿಂದಿ ಅಂತ ಮಾರೋದು. ಕುಡಿದವನು ಅದಕ್ಕೆ ದಾಸನಾಗುತ್ತಾನೆ. ಸಿಗದಿದ್ದ ದಿನ ಕೈ ನಡುಗುತ್ತೆ, ಬುದ್ಧಿ ಭ್ರಮಿಸುತ್ತೆ, ಫಿಟ್ಸ್ ಬರುತ್ತೆ. ಜನ ಸತ್ತಿದ್ದಾರೆ. ಇದನ್ನು ನಿಲ್ಲಿಸಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಪೌಡರು ಗಿಡದಿಂದ ಬರೋದಿಲ್ಲ. ಅದು ಬಂದದ್ದು ಲೆಕ್ಕದಿಂದ. ಈಚಲ ಗಿಡ ರಸ ಚೆನ್ನಾಗಿ ಕೊಡೋದು ಚಳಿಗಾಲದ ಕೆಲವು ತಿಂಗಳು, ಅದೂ ದಿನಕ್ಕೆ ಇಷ್ಟು ಅಂತ ಮಿತಿ. ಹರಾಜಿನಲ್ಲಿ ಅಂಗಡಿ ಹಿಡಿದ ಗುತ್ತಿಗೆದಾರ ಸರ್ಕಾರಕ್ಕೆ ಕಟ್ಟಬೇಕಾದ ದುಡ್ಡಿಗೆ ಚಳಿಗಾಲ, ಬೇಸಿಗೆ ಅಂತ ಭೇದ ಇಲ್ಲ. ಹನ್ನೆರಡು ತಿಂಗಳೂ ಅಂಗಡಿ ತುಂಬಿರಬೇಕು. ಗಿಡ ಕೊಡದಿದ್ದರೆ ನಲ್ಲಿ ನೀರಿದೆ, ಪೌಡರಿದೆ. ಕಾಕಾ ಇದನ್ನು ಒಂದೇ ಮಾತಲ್ಲಿ ಹೇಳಿದ್ದರು: "ಗಿಡ ಐವತ್ತು, ಅಂಗಡ್ಯಾಗ ಶಿಂದಿ ಐನೂರು ಗಿಡದ್ದು. ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ."

ಹಾಗಾದರೆ 2004ರ ನಂತರ ಪೌಡರ್ ನಿಂತಿತೇ? ರಾಯಚೂರು, ಯಾದಗಿರಿ ಕಡೆಯ ಸುದ್ದಿ ಓದುವವರಿಗೆ ಉತ್ತರ ಗೊತ್ತು. ಇವತ್ತಿಗೂ ಸಿ.ಎಚ್. ಪೌಡರ್ ಹಿಡಿದ ಸುದ್ದಿ ಬರ್ತಾನೇ ಇರುತ್ತೆ. ನಿಂತದ್ದು ಗಿಡ ಹತ್ತೋದು. ನಿಜವಾದ ಶಿಂದಿ ಹಳ್ಳದ ದಂಡೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಮರದ ಮೇಲೆ ಗಡಿಗೆ ಕಟ್ಟಿದವನನ್ನು ಹಿಡಿಯೋದು ಸುಲಭ. ಪೌಡರಿಗೆ ಒಂದು ಕೋಣೆ, ಒಂದು ಡ್ರಮ್ಮು ಸಾಕು. ನಿಷೇಧ ಕೊಂದದ್ದು ಯಾವುದನ್ನು ಉಳಿಸಬೇಕಿತ್ತೋ ಅದನ್ನು. ತೆಲಂಗಾಣದಲ್ಲಿ ಕಾನೂನುಬದ್ಧ ಅಂಗಡಿಗಳಲ್ಲೂ ಕಲಬೆರಕೆ ನಡೀತದೆ, ಹೌದು. ಪರವಾನಗಿ ಕೊಟ್ಟರೆ ಸಾಕು ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಯಾರಿಗೆ, ಎಷ್ಟಕ್ಕೆ ಪರವಾನಗಿ ಅನ್ನೋದೇ ಪ್ರಶ್ನೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ವರ್ಷಗಳನ್ನು ಸುಮ್ಮನೆ ಸಾಲಾಗಿ ಇಟ್ಟು ನೋಡಿ. 2003: ರಾಜ್ಯದಲ್ಲಿ ಮದ್ಯದ ಸಗಟು ಮಾರಾಟ ಪೂರ್ತಿ ಸರ್ಕಾರದ ಪಾನೀಯ ನಿಗಮದ ಕೈಗೆ ಬಂತು. 2004: ಸೇಂದಿ ಬಂದ್. 2007ರ ಜುಲೈ 1: ಸಾರಾಯಿ ಬಂದ್. 2011ರ ಹೊತ್ತಿಗೆ ಬೆಂಗಳೂರಲ್ಲಿ ಮೈಕ್ರೋಬ್ರೂವರಿಗಳು ಶುರು. 2024-25ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 38,525 ಕೋಟಿ ರೂಪಾಯಿ. ಇದರ ಹಿಂದೆ ಯಾರೋ ಕೂತು ಪಿತೂರಿ ಮಾಡಿದರು ಅಂತ ಹೇಳೋಕೆ ನನ್ನ ಹತ್ತಿರ ಪುರಾವೆ ಇಲ್ಲ, ಬೇಕಾಗೂ ಇಲ್ಲ. ಆದದ್ದು ಏನು ಅಂತ ನೋಡಿದರೆ ಸಾಕು. ಗಿಡದಿಂದ ಗಿರಾಕಿಗೆ ನೇರ ಹೋಗುತ್ತಿದ್ದ ಪಾನೀಯ ಹೋಯಿತು. ಡಿಸ್ಟಿಲರಿಯಿಂದ ಡಿಪೋ, ಡಿಪೋದಿಂದ ಅಂಗಡಿ, ಹೆಜ್ಜೆ ಹೆಜ್ಜೆಗೂ ತೆರಿಗೆ ಕಟ್ಟುವ ಪಾನೀಯ ಉಳಿಯಿತು. ಸಂಜೆ ಒಂದು ಚೊಂಬು ಶಿಂದಿ ಕುಡಿದು ಮಲಗುತ್ತಿದ್ದ ಕೂಲಿಯವನ ಕೈಗೆ 90 ಎಂ.ಎಲ್.ನ ವಿಸ್ಕಿ ಪ್ಯಾಕೆಟ್ಟು ಬಂತು, ಶೇಕಡಾ 42ರ ಅಮಲು.

ತಮಾಷೆ ಅಂದರೆ ಬೆಲ್ಜಿಯಂನಲ್ಲೂ ಒಂದು ನಿಷೇಧ ಬಂದಿತ್ತು. 1919ರಲ್ಲಿ, ಎಮಿಲ್ ವಾಂಡರ್‌ವೆಲ್ಡ್ ಅನ್ನೋ ಸಮಾಜವಾದಿ ಮಂತ್ರಿ ತಂದ ಕಾನೂನು. ಕೂಲಿಕಾರರು ಕುಡಿದು ಹಾಳಾಗ್ತಿದ್ದಾರೆ ಅಂತ ಅವರದೂ ಕಾಳಜಿ. ಆದರೆ ಅವರು ಪಬ್ಬುಗಳಲ್ಲಿ ನಿಲ್ಲಿಸಿದ್ದು ಜೆನೇವರ್‌ನಂಥ ಭಟ್ಟಿ ಇಳಿಸಿದ ಕಡುಮದ್ಯವನ್ನು. ಹುದುಗು ಬರಿಸಿದ ಬಿಯರಿಗೆ ಕೈ ಹಚ್ಚಲಿಲ್ಲ. ಕಡುಮದ್ಯ ಸಿಗದ ಗಿರಾಕಿಗೆ ಅಂತ ಬ್ರೂವರಿಗಳು ಸ್ವಲ್ಪ ಗಟ್ಟಿ ಬಿಯರುಗಳತ್ತ ಹೊರಳಿದವು. ನೀವಿವತ್ತು ಇಂದಿರಾನಗರದಲ್ಲಿ ಹೊಗಳಿ ಹೊಗಳಿ ಕುಡಿಯೋ ಗಟ್ಟಿ ಬೆಲ್ಜಿಯನ್ ಬಿಯರುಗಳು ಬೆಳೆದದ್ದರಲ್ಲಿ ಆ ಕಾನೂನಿನ ಪಾಲೂ ಇದೆ. ನಮ್ಮಲ್ಲಿ ತಿರುಗುಮುರುಗು. ಸೌಮ್ಯವಾದದ್ದನ್ನು ನಿಲ್ಲಿಸಿ, ಕಡುವಾದದ್ದಕ್ಕೆ ಸರ್ಕಾರಿ ಡಿಪೋ ತೆರೆದೆವು.

ನಾನು ಇದನ್ನು ಚಿಗವ್ವನ ಮುಂದೆ, ಅಂದರೆ ಕಾಕಾನ ಹೆಂಡತಿಯ ಮುಂದೆ, ಹೇಳಿದ್ದೆ. ಯುಗಾದಿಗೆ ಊರಿಗೆ ಹೋದಾಗ, ಮಂಡಾಳ ಒಗ್ಗರಣಿ ತಿನ್ನುತ್ತಾ, ದೊಡ್ಡ ಭಾಷಣದ ಹಾಗೆ. ಒಪ್ಪಿಕೊಳ್ತಾಳೆ ಅಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯೋದು ನಿಲ್ಲಿಸಲೂ ಇಲ್ಲ.

"ಶಿಂದಿ ಕುಡ್ದಾಗೂ ಬೈದೀನಿ, ಪಾಕೀಟು ಕುಡ್ದಾಗೂ ಬೈದೀನಿ. ನನಗ ಎರಡೂ ಬ್ಯಾಡ. ಬಂದ್ ಮಾಡದಾದ್ರ ಎರಡೂ ಮಾಡ್ಲಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ: "ಶಿಂದಿ ಇದ್ದಾಗ ರೊಕ್ಕ ಮನೀಗಿ ಬರ್ತಿತ್ತು. ಈಗ ಮನ್ಯಾಗಿಂದ ಹೋಗ್ತದ. ಇಷ್ಟೇ ನನಗ ಗೊತ್ತು."

ಅವಳ ಮೊದಲನೇ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮನೆಯೊಳಗೆ ಕುಡಿತದ ಬೆಲೆ ಕಟ್ಟುವವಳು ಅವಳು, ನಾನಲ್ಲ. ರಾಜ್ಯದ ತುಂಬ ಹೆಂಗಸರು ಮದ್ಯದಂಗಡಿ ಮುಚ್ಚಿ ಅಂತ ಬೀದಿಗಿಳಿದಾಗ ಅವರನ್ನು 'ಹಿಂದುಳಿದ ಆಲೋಚನೆ' ಅಂತ ಆಡಿಕೊಳ್ಳುವ ಕ್ರಾಫ್ಟ್ ಪ್ರಿಯರ ಜೊತೆ ನಾನು ಸೇರೋಲ್ಲ. ಆದರೆ ಎರಡೂ ಬಂದ್ ಆಗಿಲ್ಲವಲ್ಲ. ಒಂದನ್ನು ಮಾತ್ರ, ಅದೂ ಅವಳ ಮನೆಗೆ ರೊಕ್ಕ ತರುತ್ತಿದ್ದದ್ದನ್ನು ಮಾತ್ರ, ಬಂದ್ ಮಾಡಿದ್ದಕ್ಕೆ ನನ್ನ ತಕರಾರು.

ನನ್ನ ಸಿಟ್ಟು ಬರೀ ಸರ್ಕಾರದ ಮೇಲೆ ಅಂದುಕೊಳ್ಳಬೇಡಿ. ನಮ್ಮ ಮೇಲೂ ಇದೆ. ರಾಜ್ಯೋತ್ಸವದ ವಾರ ಬ್ರೂಪಬ್ಬಿನಲ್ಲಿ ಕನ್ನಡ ಸಂಜೆ ಮಾಡಿ 'ರತ್ನನ ಪದಗಳು' ಹಾಡಿಸ್ತೀವಿ. ರಾಜರತ್ನಂ ಅವರ ರತ್ನ ಕುಡಿದದ್ದು ಹೆಂಡ, ವಿಟ್ ಬಿಯರ್ ಅಲ್ಲ. ಅವನು ಇವತ್ತು ಬಂದರೆ ಬಾಗಿಲಲ್ಲಿ ಬೌನ್ಸರ್ ತಡೀತಾನೆ. ಹನ್ನೆರಡನೇ ಶತಮಾನದಲ್ಲಿ ಹೆಂಡದ ಮಾರಯ್ಯ ಅಂತ ಒಬ್ಬ ಶರಣನಿದ್ದ. ಹೆಂಡ ಮಾರೋದೇ ಅವನ ಕಾಯಕ. ಕಲ್ಯಾಣದಲ್ಲಿ ಅವನನ್ನು ಕೂರಿಸಿಕೊಂಡು ವಚನ ಕೇಳಿದ ನಾಡು ಇದು. ಈ ಸೀಮೆಗೆ ಈಗ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿದ್ದೂ ಆಯಿತು. ಆ ಕಾಯಕ ಮಾಡುವವನು ಮಾತ್ರ ಇಲ್ಲಿ ಆರೋಪಿ.

ಕ್ರಾಫ್ಟ್ ಅಂದರೇನು ಹೇಳಿ? ಸಣ್ಣ ಪ್ರಮಾಣ, ಕೈಕೆಲಸ, ಸ್ಥಳೀಯ ಪದಾರ್ಥ, ಋತುಮಾನ, ಕಲಬೆರಕೆ ಇಲ್ಲ, ಮಾಡಿದವನ ಮುಖ ಕುಡಿಯುವವನಿಗೆ ಗೊತ್ತು. ನಿಮ್ಮ ಪಬ್ಬಿನ ಗೋಡೆಯ ಮೇಲೆ ಬರೆದಿರೋದೇ ಇದು. ಕಾಕಾನ ಕೆಲಸಕ್ಕೆ ಇದರಲ್ಲಿ ಯಾವ ಮಾತು ಹೊಂದೋಲ್ಲ? ಸೇಸಾನ್ ಅನ್ನೋ ಬಿಯರನ್ನೇ ತಗೊಳ್ಳಿ. ವಲ್ಲೋನಿಯಾದ ಹೊಲಗಳಲ್ಲಿ ಸುಗ್ಗಿಗೆ ಬರುತ್ತಿದ್ದ ಕೂಲಿಯಾಳುಗಳಿಗೆ ಅಂತ ಮಾಡುತ್ತಿದ್ದದ್ದು ಅಂತ ಅದರ ಕಥೆ ಹೇಳ್ತಾರೆ. ಹೆಸರಿನ ಅರ್ಥವೇ 'ಋತು'. ಬೆಲ್ಜಿಯಂನ ಕೂಲಿ ಕುಡಿದದ್ದನ್ನು ಚೆಂದದ ಗ್ಲಾಸಲ್ಲಿ 400 ರೂಪಾಯಿಗೆ ಕುಡೀತೀವಿ, ಸುರಪುರದ ಕೂಲಿ ಕುಡಿದದ್ದರ ಹೆಸರು ಕೇಳಿದರೆ ಮೂಗು ಮುರೀತೀವಿ.

ಇನ್ನೊಂದು ಕಥೆ ನನ್ನನ್ನು ಕಾಡುತ್ತೆ. ನಾವು ಕುಡಿದ ವಿಟ್ ಇದೆಯಲ್ಲ, ಅದು ಒಮ್ಮೆ ಸತ್ತೇ ಹೋಗಿತ್ತು. ಹೂಗಾರ್ಡನ್ ಅನ್ನೋ ಹಳ್ಳಿಯಲ್ಲಿ ಅದನ್ನು ಮಾಡುತ್ತಿದ್ದ ಕೊನೆಯ ಬ್ರೂವರಿ 1957ರಲ್ಲಿ ಮುಚ್ಚಿತು. ಅದೇ ಹಳ್ಳಿಯಲ್ಲಿ ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಅನ್ನೋನು ಹುಡುಗನಿದ್ದಾಗ ಆ ಬ್ರೂವರಿಯಲ್ಲಿ ಕೈಗೂಡಿಸಿದ್ದ. ಮಾಡೋ ವಿಧಾನ ನೆನಪಿತ್ತು. 1966ರಲ್ಲಿ ಅವನು ಮತ್ತೆ ಶುರು ಮಾಡಿದ. (ಆಮೇಲೆ ಅದು ದೊಡ್ಡ ಕಂಪನಿಯ ಪಾಲಾಯಿತು, ಅದು ಬೇರೆ ಕಥೆ.) ನಡುವೆ ಹೋದದ್ದು ಒಂಬತ್ತೇ ವರ್ಷ. ನೆನಪಿಟ್ಟುಕೊಂಡವನು ಬದುಕಿದ್ದ, ಅವನನ್ನು ಯಾರೂ ಹಿಡಿದು ಒಳಗೆ ಹಾಕಲಿಲ್ಲ.

ನಮ್ಮಲ್ಲಿ ಇಪ್ಪತ್ತು ವರ್ಷ ದಾಟಿತು. ಕಾಕಾನ ಮಗ ಹೈದರಾಬಾದಿನಲ್ಲಿ ಡ್ರೈವರ್. ಅವನು ಒಂದು ದಿನವೂ ಗಿಡ ಹತ್ತಿಲ್ಲ. ಕಾಲುವೆ ನೀರು ಬಂದ ಮೇಲೆ ಹಳ್ಳದ ದಂಡೆಯೂ ಗದ್ದೆಯಾಯಿತು, ಪ್ರಯೋಜನಕ್ಕೆ ಬಾರದ ಗಿಡ ಅಂತ ಕಡಿದು ಹಾಕಿದರು. ಉಳಿದ ಗಿಡಗಳ ಮೇಲೆ ಹಳೇ ಗಾಯಗಳಿವೆ. ಅವುಗಳ ಮೇಲೆ ಇಪ್ಪತ್ತು ವರ್ಷದ ನುಣ್ಣನೆಯ ಕಾಂಡ.

ಈಗ ಪರವಾನಗಿಯ ಮಾತು. ಹಳೇ ಹರಾಜು, ಹಳೇ ಗುತ್ತಿಗೆದಾರ ವಾಪಸ್ ಬರಲಿ ಅಂತ ನಾನು ಕೇಳ್ತಿಲ್ಲ. ಬಂದರೆ ಪೌಡರೂ ಬರುತ್ತೆ. ಕೇಳ್ತಿರೋದು, ಇಂದಿರಾನಗರಕ್ಕೆ ಕೊಟ್ಟ ನಿಯಮವನ್ನೇ ರಂಗಂಪೇಟೆಯ ಅಳತೆಗೆ ಹೊಲಿದು ಕೊಡಿ ಅಂತ. ಮೈಕ್ರೋಬ್ರೂವರಿಯ ತತ್ವ ಏನು? ಮಾಡಿದ ಜಾಗದಲ್ಲೇ ಮಾರಬೇಕು, ದಿನಕ್ಕೆ ಇಷ್ಟೇ ಅಂತ ಮಿತಿ, ಅಬಕಾರಿಯವರು ಬಂದು ತಪಾಸಣೆ ಮಾಡಬಹುದು. ಇಳಿಸುವವನಿಗೇ ಪರವಾನಗಿ ಕೊಡಿ, ನಡುವಿನವನಿಗಲ್ಲ. ಅವನ ಹೆಸರಿಗೆ ಇಷ್ಟು ಗಿಡ ಅಂತ ನಂಬರು ಹೊಡೆಯಿರಿ. ಮರದ ಲೆಕ್ಕದಲ್ಲಿ ಕರ ಹಾಕೋದು ಈ ದೇಶಕ್ಕೆ ಹೊಸದೇನಲ್ಲ. ಇಪ್ಪತ್ತು ಗಿಡದವನು ಐವತ್ತು ಗಿಡದಷ್ಟು ಮಾರಿದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಕ್ಲೋರಲ್ ಹೈಡ್ರೇಟ್ ಇದೆಯೋ ಇಲ್ಲವೋ ಅಂತ ಪ್ರಯೋಗಾಲಯದಲ್ಲಿ ಪತ್ತೆ ಹಚ್ಚಬಹುದು. ಸಿಕ್ಕರೆ ಗಿಡಗಳನ್ನು ಕಿತ್ತುಕೊಂಡು ಜೈಲಿಗೆ ಹಾಕಿ, ಬೇಡ ಅನ್ನೋರು ಯಾರು? ಬೇಸಿಗೆಯಲ್ಲಿ ಗಿಡ ಕೊಡದಿದ್ದರೆ ಅಂಗಡಿ ಮುಚ್ಚಿರಲಿ. ನಿಮ್ಮ ಮಾವಿನಹಣ್ಣಿನ ಬಿಯರಿಗೆ ನೀವು ಏಪ್ರಿಲ್ ತನಕ ಕಾಯೋಲ್ಲವೇ? ತೆಂಗು ಬೆಳೆಗಾರರು ಕಷ್ಟದಲ್ಲಿದ್ದಾರೆ ಅಂತ ನೀರಾ ಇಳಿಸಲು ಅಬಕಾರಿ ಕಾನೂನನ್ನೇ ತಿದ್ದಿದ ರಾಜ್ಯ ನಮ್ಮದು. ತಿದ್ದಲು ಬರುತ್ತೆ ಅಂತಾಯಿತು.

ಈ ಬೇಡಿಕೆ ನನ್ನದಲ್ಲ, ಹೊಸದೂ ಅಲ್ಲ. ಈಡಿಗ ಸಮಾಜದವರು ವರ್ಷಗಳಿಂದ ಕೇಳ್ತಿದ್ದಾರೆ. 2023ರ ಆರಂಭದಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಪಾದಯಾತ್ರೆಯನ್ನೇ ಮಾಡಿದರು, ಬೇಡಿಕೆಗಳಲ್ಲಿ ಇದೂ ಒಂದು. ನಾವು ಆ ವಾರ ಪಾದಯಾತ್ರೆಯಿಂದ ಟ್ರಾಫಿಕ್ ಜಾಮ್ ಆಗುತ್ತೇನೋ ಅಂತ ಮ್ಯಾಪು ನೋಡ್ತಿದ್ವಿ.

ಮೈಕ್ರೋಬ್ರೂವರಿ ಮಾಲೀಕರಿಗೆ ಸಂಘ ಇದೆ, ನಿಯಮ ಬದಲಿಸಬೇಕಾದಾಗ ವಿಧಾನಸೌಧದ ದಾರಿ ಗೊತ್ತಿದೆ, ಬೆಂಬಲಕ್ಕೆ ಇಂಗ್ಲಿಷ್ ಪತ್ರಿಕೆಗಳಿವೆ. ನೀವಿದ್ದೀರಿ. ಬಿಯರಿನ ಮೇಲೆ ತೆರಿಗೆ ಏರಿದಾಗ ಎಷ್ಟು ಗಲಾಟೆ ಮಾಡಿದಿರಿ, ನೆನಪಿದೆಯಾ? ನಾನೂ ಮಾಡಿದ್ದೆ. ಅದರ ಕಾಲುಭಾಗದಷ್ಟು ದನಿ ನನಗೆ ಈ ಗಿಡಗಳ ಪರ ಬೇಕಾಗಿದೆ.

ಆ ಭಾನುವಾರಕ್ಕೆ ವಾಪಸ್ ಬರ್ತೀನಿ. ಹುಡುಗ ಒಳಗೆ ಹೋಗಿ ಹೇಳಿರಬೇಕು, ಬ್ರೂವರ್ ಸ್ವತಃ ಹೊರಗೆ ಬಂದ. ಮೂವತ್ತರ ಆಸುಪಾಸಿನವನು, ಒಳ್ಳೆಯವನು, ಜರ್ಮನಿಗೆ ಹೋಗಿ ಬ್ರೂಯಿಂಗ್ ಕಲಿತು ಬಂದವನು. ಕಾಕಾನ ಪಕ್ಕ ಕೂತು ಅರ್ಧ ಗಂಟೆ ಪ್ರಶ್ನೆ ಕೇಳಿದ. ಗಡಿಗೆಯನ್ನು ತೊಳೆಯುತ್ತಿದ್ದಿರಾ, ಹೊಗೆ ಹಾಕುತ್ತಿದ್ದಿರಾ, ಮಳೆ ಬಿದ್ದರೆ ರುಚಿ ಬದಲಾಗುತ್ತಿತ್ತಾ. ಕಾಕಾ ಎಲ್ಲದಕ್ಕೂ ಉತ್ತರ ಕೊಟ್ಟರು. ಇಷ್ಟು ವರ್ಷದಲ್ಲಿ ಯಾರೂ ಅವರಿಗೆ ಇದನ್ನೆಲ್ಲ ಕೇಳಿರಲಿಲ್ಲ. ನೋಟ್ ಮಾಡ್ಕೊಳ್ಳಲಾ ಅಂತ ಅವನು ಫೋನ್ ತೆಗೆದಾಗ ಮಾತ್ರ ಕಾಕಾ ನನ್ನ ಕಡೆ ನೋಡಿದರು. "ಬರಕೊಂಡ್ರ ಏನೂ ಆಗೂದಿಲ್ಲಲ್ಲ?"

ಬಿಲ್ಲು ಚೀಸು, ಫ್ರೈಸು ಸೇರಿ 1,460 ಆಯಿತು. ಕಾಕಾನ ಒಂದೂವರೆ ದಿನದ ಪಗಾರ. ನಾನು ತೋರಿಸಲಿಲ್ಲ. ಆಟೋದಲ್ಲಿ ಹಲಸೂರು ದಾಟುವವರೆಗೂ ಅವರು ಮಾತಾಡಲಿಲ್ಲ.

"ಆ ಹುಡುಗ ಯಾರ ಪೈಕಿ ತಮ್ಮಾ? ಈಡಿಗರವನೇನು?"

"ಅಲ್ಲ ಕಾಕಾ."

"ಮತ್ತ ಅವನಿಗಿ ಪೊಲೀಸ್ರು ಏನೂ ಅನ್ನೂದಿಲ್ಲ?"

"ಇಲ್ಲ. ಲೈಸನ್ಸ್ ಅದ."

"ಹಾಂ," ಅಂದರು. ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಅಂಗಿಯ ತೋಳನ್ನು ನೆರಿಗೆ ಆಗದ ಹಾಗೆ ಮಡಚಿಕೊಳ್ಳುತ್ತಾ ಮತ್ತೆ ಹೇಳಿದರು, "ಹುಡುಗ ಶಾಣ್ಯಾ ಅದಾನ ಬಿಡು. ನಿನ್ನೀದು ಮಾತ್ರ ಮಾರಬಾರದು ಅಂತ ಹೇಳು ಅವನಿಗಿ."